ಹನ್ನೊಂದನೇ ಮಹಡಿಯ ರೆಫರಿ

ಕಾರ್ಕಳದ ಬೆಟ್ಟದ ಮೇಲೆ ಗೊಮ್ಮಟ ಸುಮಾರು ಆರುನೂರು ವರ್ಷಗಳಿಂದ ಕೈಗಳನ್ನು ತೊಡೆಗೆ ಅಂಟಿಸಿಕೊಂಡು ಸಾವಧಾನ್ ಭಂಗಿಯಲ್ಲಿ ನಿಂತಿದ್ದಾನಲ್ಲ, ಅವನಿಗೆ ಹಾಗೆ ನಿಲ್ಲಲು ಹೇಳಿದ್ದು ಗುಲಾಬಿ ಟೀಚರೇ ಎಂದು ಊರಿನ ಹೈಸ್ಕೂಲು ಮಕ್ಕಳು ನಂಬಿದ್ದರು. ಟೀಚರ್ ವಿಶ್ರಾಮ್ ಹೇಳುವುದನ್ನು ಮರೆತು ನಿವೃತ್ತರಾದರು. ಪಾಪ, ಅವನು ಇನ್ನೂ ನಿಂತೇ ಇದ್ದಾನೆ.

ನಂಬದೆ ಮಕ್ಕಳಾದರೂ ಏನು ಮಾಡುತ್ತಾರೆ? ಟೀಚರ್ ಮೈದಾನದಲ್ಲಿ ಸೀಟಿ ಊದಿದರೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ರೈಟ್’ ಹೇಳುವ ಮೊದಲೇ ಮಂಗಳೂರು ಬಸ್ಸು ಹೊರಟುಬಿಡುತ್ತಿತ್ತು. ಆನೆಕೆರೆಯ ಮೀನುಗಳು ಎತ್ತರದ ಪ್ರಕಾರ ಸಾಲು ಹಿಡಿಯುತ್ತಿದ್ದವು. ಹೆಡ್ಮಾಸ್ತರರು ತಮ್ಮ ಕೋಣೆಯಲ್ಲಿ ಕುಳಿತಲ್ಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಟೀಚರ ಕೈಯಲ್ಲಿ ತಯಾರಾದ ಖೋಖೋ ತಂಡ ಎದುರಾಳಿಗಳನ್ನು ಮುಟ್ಟಿ ಔಟ್ ಮಾಡುತ್ತಿರಲಿಲ್ಲ, ನೋಡಿ ಔಟ್ ಮಾಡುತ್ತಿತ್ತು.

ಇಂಥ ಗುಲಾಬಿ ಟೀಚರ್ ಈಗ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಒಂಬತ್ತು ವರ್ಷದ ಒಂದು ಹುಡುಗಿಯನ್ನು ಎರಡು ಹೆಜ್ಜೆ ನಡೆಸಲಾಗದೆ ಸೋತು ಕೂತಿದ್ದರು. ಆ ಹುಡುಗಿ ಅವರ ಸ್ವಂತ ಮೊಮ್ಮಗಳು ಶ್ರೀಯಾ.

ನಡೆದದ್ದು ಹೀಗೆ. ಶಾಲೆಯ ಹರ್ಡಲ್ಸ್ ಅಭ್ಯಾಸದಲ್ಲಿ ಬಿದ್ದು ಶ್ರೀಯಾಳ ಮೊಣಕಾಲಿನ ಕೆಳಗಿನ ಎಲುಬು ಮುರಿದಿತ್ತು. ಮೊಮ್ಮಗಳ ಕಾಲಿಗೆ ಪ್ಲಾಸ್ಟರ್ ಹಾಕಿದ ಸುದ್ದಿ ಕೇಳಿದ್ದೇ ತಡ, ಟೀಚರ್ ವಿಮಾನ ಹತ್ತಿ ಬಂದರು. ವಿಮಾನ ನಿಧಾನವಾಯಿತೆಂದು ದಾರಿಯುದ್ದಕ್ಕೂ ಗೊಣಗಿದರಂತೆ. ಅತ್ತೆ ಬಂದರಲ್ಲ ಎಂಬ ಧೈರ್ಯದಿಂದ ಅಳಿಯ ಸುಮಂತ ಒಂದು ವಾರದ ಕೆಲಸಕ್ಕೆಂದು ಮಣಿಪಾಲಕ್ಕೆ ಹೋದ. ಅಷ್ಟರಲ್ಲಿ ಕೊರೋನಾ ಬಂತು. ಇಲ್ಲೂ ಅಲ್ಲೂ ಬಾಗಿಲು ಬಿತ್ತು, ವಿಮಾನಗಳು ನಿಂತವು. ಅಳಿಯ ಮಣಿಪಾಲದ ಹತ್ತಿರದ ಕಾರ್ಕಳದಲ್ಲಿ ಅತ್ತೆಯ ಮನೆಯಲ್ಲಿ, ಅತ್ತೆ ಸುಬಾಂಗ್ ಜಯಾದಲ್ಲಿ ಅಳಿಯನ ಮನೆಯಲ್ಲಿ. ಇಂಥ ಅದಲುಬದಲು ಯಾವ ತಂಡದ ಕೋಚ್ ಕೂಡ ಮಾಡಿರಲಿಕ್ಕಿಲ್ಲ.

ಮಗಳು ಸುಮತಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ಈಗ ಪಾಠವೆಲ್ಲ ಬಿಟ್ಟು ಕೊರೋನಾ ವಾರ್ಡಿನ ಡ್ಯೂಟಿ. ಮನೆಗೆ ಬಂದವಳೇ ಸ್ನಾನ ಮಾಡಿ, ತುದಿಯ ಕೋಣೆ ಸೇರಿ, ಬಾಗಿಲ ಸಂದಿನಿಂದಲೇ ಮಾತಾಡುವಳು. ಶ್ರೀಯಾಳ ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ದಿನ ಆ ಸಂದಿನಿಂದಲೇ ಹೇಳಿದಳು:

“ಅಮ್ಮ, ಎಲುಬು ಚೆಂದ ಕೂಡಿದೆ. ಇನ್ನು ಕಾಲೂರಿ ನಡೀಬೇಕು. ಫಿಸಿಯೋಥೆರಪಿಯವರು ಬಾಗಿಲು ಹಾಕಿದ್ದಾರೆ. ಹೀಗೇ ಕೂತ್ರೆ ಸ್ನಾಯು ಸೊರಗ್ತದೆ, ಆಮೇಲೆ ಕುಂಟು ಉಳಿದ್ರೂ ಉಳೀಬಹುದು. ನಾನಂತೂ ಅವಳನ್ನು ಮುಟ್ಟುವ ಹಾಗಿಲ್ಲ.”

“ನೀನು ನಿನ್ನ ವಾರ್ಡ್ ನೋಡು ಮಾರಾಯ್ತಿ,” ಎಂದರು ಟೀಚರ್. “ಇಡೀ ತಾಲೂಕನ್ನು ಓಡಿಸಿದವಳಿಗೆ ಇದೊಂದು ಮುಷ್ಟಿಯಷ್ಟು ಮಗು ಎಂತ ಲೆಕ್ಕ? ಭಾನುವಾರದ ಒಳಗೆ ಓಡ್ತಾಳೆ.”

ಭಾನುವಾರ ಬಂತು, ಹೋಯಿತು. ಆಮೇಲಿನ ಭಾನುವಾರಗಳೂ ಬಂದು ನೋಡಿ ಹೋದವು. ಶ್ರೀಯಾ ಕಾಲು ನೆಲಕ್ಕೆ ತಾಗಿಸಲಿಲ್ಲ. ಅಪ್ಪನ ಗಾಲಿಕುರ್ಚಿ, ಅದೇ ಕಂಪ್ಯೂಟರ್ ಮುಂದೆ ಕೂರುವುದು, ಅದನ್ನು ತನ್ನದಾಗಿಸಿಕೊಂಡು ಗೋಡೆಗೆ ಕೈಕೊಟ್ಟು ತಳ್ಳಿಕೊಳ್ಳುತ್ತ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಸಿಗೆಗೆ ಸವಾರಿ ಮಾಡುತ್ತಿದ್ದಳು. ಮೈಸೂರಿನ ಮಹಾರಾಜರಿಗೂ ಅಷ್ಟು ಠೀವಿ ಇದ್ದಿರಲಾರದು. ಆದರೆ ಕುರ್ಚಿಯಿಂದ ಇಳಿಯುವ ಮಾತೆತ್ತಿದರೆ ಸಾಕು, ಮುಖ ಬಿಳುಚಿ, “ಇಟ್ ವಿಲ್ ಬ್ರೇಕ್ ಅಗೇನ್, ಅಜ್ಜಿ,” ಎನ್ನುವಳು.

ಟೀಚರ್ ಸುಮ್ಮನೆ ಕೂರುವವರೇ? ಮೊದಲು ಗದರಿಸಿದರು. ಕುರ್ಚಿ ಮಾತ್ರ ಒಂದು ಗೇಣು ಹಿಂದೆ ಸರಿಯಿತು. ಆಮೇಲೆ ಕತೆ ಹೇಳಿದರು: ಎರಡೂ ಕಾಲು ಮುರಿದುಕೊಂಡು, ಮರುವರ್ಷವೇ ರಾಜ್ಯಮಟ್ಟದ ಓಟದಲ್ಲಿ ಚಿನ್ನ ಗೆದ್ದ ಒಬ್ಬ ಶಿಷ್ಯೆಯ ಕತೆ.

“ಅವಳ ಹೆಸರೇನಜ್ಜಿ? ಗೂಗಲ್ ಮಾಡ್ತೇನೆ.”

“ಅವಳು ಗೂಗಲ್‌ಗಿಂತ ಮುಂಚಿನವಳು,” ಎಂದರು ಟೀಚರ್, ಒಂದು ಕ್ಷಣವೂ ತಡವರಿಸದೆ.

ಕೊನೆಗೆ ನಾಟಕಕ್ಕೂ ಇಳಿದರು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ “ಅಯ್ಯಯ್ಯೋ ಸತ್ತೆ!” ಎಂದು ಕಟ್ಟಡವೇ ಅಲುಗುವಂತೆ ಕೂಗಿ ನೆಲಕ್ಕೊರಗಿದರು. ಮೊಮ್ಮಗಳು ಗಾಬರಿಯಿಂದ ಎದ್ದು ಓಡಿ ಬಂದೇ ಬರುತ್ತಾಳೆ ಎಂಬ ಲೆಕ್ಕ. ಕುರ್ಚಿ ಗರಗರ ಎನ್ನುತ್ತ ಬಂತು. ಶ್ರೀಯಾ ಬಾಗಿ ನೋಡಿದಳು.

“ಅಜ್ಜಿ, ಯು ಆರ್ ಆ್ಯಕ್ಟಿಂಗ್ ಲಾ,” ಎಂದಳು, ಮಾತಿನ ಬಾಲಕ್ಕೆ ಅಲ್ಲಿನವರ ರೂಢಿಯ ‘ಲಾ’ ಅಂಟಿಸಿ.

“ಎಂತ ಆ್ಯಕ್ಟಿಂಗ್! ಸೊಂಟ ಹೋಯ್ತು!”

“ನಿಜವಾಗಿ ಬಿದ್ದವರು ಎಣ್ಣೆ ಬಾಟ್ಲಿ ಸ್ಟ್ರೇಟ್ ಆಗಿ ಹಿಡ್ಕೊಂಡಿರಲ್ಲ.”

ಟೀಚರ್ ನೋಡಿಕೊಂಡರು. ತೆಂಗಿನೆಣ್ಣೆಯ ಬಾಟಲಿ ಕೈಯಲ್ಲಿ ಧ್ವಜಸ್ತಂಭದ ಹಾಗೆ ನೆಟ್ಟಗಿತ್ತು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಎದ್ದು, ಸೀರೆ ಕೊಡವಿ, ಏನೂ ಆಗದವರಂತೆ ಸಾರಿಗೆ ಒಗ್ಗರಣೆ ಹಾಕಿದರು.

ಅಂದು ಸಂಜೆ ಅವರಿಗೆ ಮನೆಯೊಳಗೆ ಉಸಿರು ಕಟ್ಟಿದಂತಾಯಿತು. ಹೊರಗೆ ಕಾಲಿಡುವಂತಿಲ್ಲ; ಅಂಗಡಿಗೂ ಮನೆಗೊಬ್ಬರೇ. ಮುಂಬಾಗಿಲಿನ ಕಬ್ಬಿಣದ ಗ್ರಿಲ್ ತೆರೆದು, ಮಳೆನೀರು ಒಳಗೆ ಬಾರದಂತೆ ಕಟ್ಟಿದ್ದ ಎತ್ತರದ ಹೊಸ್ತಿಲು ದಾಟಿ, ಹನ್ನೊಂದನೇ ಮಹಡಿಯ ಉದ್ದ ವರಾಂಡದಲ್ಲಿ ನಿಂತರು. ಮೈ ಕೈ ತುಕ್ಕು ಹಿಡಿದಿತ್ತು. ಅಭ್ಯಾಸಬಲ ನೋಡಿ, ತಮಗೆ ತಾವೇ “ಸಾವಧಾನ್!” ಎಂದು ಗರ್ಜಿಸಿ ಕವಾಯತು ಶುರು ಮಾಡಿದರು. ಏಕ್, ದೋ, ತೀನ್, ಚಾರ್.

ಆ ಗರ್ಜನೆಗೆ ಎರಡು ಗ್ರಿಲ್ಲುಗಳ ಹಿಂದೆ ಎರಡು ಮುಖಗಳು ಕಾಣಿಸಿಕೊಂಡವು. ಲಿಫ್ಟಿನ ಕಡೆಯ ಮನೆಯಲ್ಲಿ ಅಂಕಲ್ ಚೊಂಗ್: ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರುವ, ಬ್ಯಾಂಕಿನಿಂದ ನಿವೃತ್ತರಾದ ಚೀನೀ ಮನುಷ್ಯ. ಎಂಥ ಪ್ರಾಮಾಣಿಕರೆಂದರೆ, ಲಿಫ್ಟಿನಲ್ಲಿ ಯಾರದೋ ಅಂಗಿಯ ಗುಂಡಿ ಸಿಕ್ಕಿದರೂ ನೋಟಿಸ್ ಬೋರ್ಡಿಗೆ ಅಂಟಿಸಿ ವಾರಸುದಾರರನ್ನು ಕರೆಯುವವರು. ಇನ್ನೊಂದು ತುದಿಯಲ್ಲಿ ಕಾಕ್ ರೊಹಾನಾ. ಮಲಯ್ ಭಾಷೆಯಲ್ಲಿ ಕಾಕ್ ಎಂದರೆ ಅಕ್ಕ. ಮನೆಯಲ್ಲೇ ತಿಂಡಿ ಮಾಡಿ ಮಾರುವ ಹೆಂಗಸು. ದನಿ ಎಷ್ಟು ಮೆತ್ತಗೆಂದರೆ ಸೊಳ್ಳೆ ಕೂಡ ಕಿವಿಗೊಟ್ಟು ಕೇಳಬೇಕು. ಇಬ್ಬರೂ ಆಡುವುದು ಅಲ್ಲಿನ ಇಂಗ್ಲಿಷು; ನಮ್ಮ ಅನುಕೂಲಕ್ಕೆ ಇಲ್ಲಿ ಅರ್ಧ ಕನ್ನಡವಾಗಿದೆ.

ಮರುದಿನ ಇಬ್ಬರೂ ತಂತಮ್ಮ ಬಾಗಿಲ ಮುಂದೆ ಮಾಸ್ಕ್ ಹಾಕಿಕೊಂಡು ಕವಾಯತಿಗೆ ನಿಂತರು. ನಡುವೆ ಬಸ್ಸು ಹೋಗುವಷ್ಟು ಅಂತರ. ಅಂಕಲ್ ಚೊಂಗರದು ಬಲಗೈ ಎತ್ತೆಂದರೆ ಎಡಗೈ, ಎಡಗೈ ಎಂದರೆ ಎರಡೂ ಕೈ. ಹೊಸ್ತಿಲ ಒಳಗೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಶ್ರೀಯಾಳಿಗೆ ತಡೆಯಲಾಗಲಿಲ್ಲ.

“ಅಂಕಲ್! ಲೆಫ್ಟ್ ಅಲ್ಲ, ರೈಟ್ ಲಾ! ಯುವರ್ ಅದರ್ ರೈಟ್!”

ಎಷ್ಟೋ ದಿನಗಳ ಮೇಲೆ ಆ ಮಗು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟೀಚರ ತಲೆಯಲ್ಲಿ ಸಾವಿರ ವೋಲ್ಟಿನ ಬಲ್ಬು ಹತ್ತಿತು. ಆ ಬೆಳಕಿಗೆ ಕ್ವಾಲಾಲಂಪುರದ ಜೋಡಿ ಗೋಪುರಗಳೂ ಮಂಕಾದವು. ಒಳಗೆ ಓಡಿ ತಮ್ಮ ಸೀಟಿಯನ್ನು ಉಪ್ಪುನೀರಿನಲ್ಲಿ ಚೆನ್ನಾಗಿ ಕುದಿಸಿ ತಂದು ಮೊಮ್ಮಗಳ ಕೊರಳಿಗೆ ಹಾಕಿದರು.

“ಇವತ್ತಿಂದ ನೀನು ರೆಫರಿ. ನಾನು ಬರೀ ಕೋಚ್.”

ಅಲ್ಲಿಂದ ಮುಂದೆ ಹನ್ನೊಂದನೇ ಮಹಡಿಯ ಕೀರ್ತಿ ದಿಕ್ಕುದಿಕ್ಕಿಗೆ ಹರಡಿತು. ಅಂಕಲ್ ಚೊಂಗರ ಮೊಣಕಾಲು ನೋವು ಓಡಿಹೋಯಿತು, ಮತ್ತೆ ಬರಲು ವಿಳಾಸ ಸಿಗಲಿಲ್ಲ. ಕಾಕ್ ರೊಹಾನಾ ಒಂದು ಕೈಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿ ಇನ್ನೊಂದರಲ್ಲಿ ಬಾಳೆಹಣ್ಣಿನ ಪೋಡಿ ಕರಿಯುವಷ್ಟು ಗಟ್ಟಿಯಾದರು. ಶ್ರೀಯಾ ಹೊಸ್ತಿಲ ಒಳಗೆ ಸಿಂಹಾಸನದಲ್ಲಿ ಕೂತು ಸೀಟಿ ಊದಿ, ಪಾಯಿಂಟು ಕಳೆದು, ಮುದುಕರನ್ನು ಗೋಳುಹೊಯ್ದುಕೊಂಡಳು. ಟೀಚರ್ ಪ್ರತಿದಿನ ಅಳಿಯನಿಗೆ ಫೋನು ಮಾಡಿ ಜಂಬ ಕೊಚ್ಚಿದರು.

“ಅತ್ತೆ, ಹಾಗಾದ್ರೆ ಶ್ರೀಯಾ ನಡೀತಾಳಾ?” ಎಂದು ಸುಮಂತ ಕೇಳಿದ.

ಟೀಚರ್ “ಹಲೋ, ಹಲೋ, ಕೇಳ್ತಾ ಇಲ್ಲ” ಎಂದು ಫೋನು ಇಟ್ಟರು.

ಸುಮತಿ ಬಾಗಿಲ ಸಂದಿನಿಂದ ಅದೇ ಮಾತೆತ್ತಿದಾಗ ಹಾಗೆ ಫೋನು ಇಟ್ಟು ತಪ್ಪಿಸಿಕೊಳ್ಳಲಾಗಲಿಲ್ಲ. ದಿನವಿಡೀ ಪಿಪಿಇ ಉಡುಪಿನೊಳಗೆ ಬೆಂದು ಬಂದಿದ್ದ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು.

“ಅಮ್ಮ, ನೀನು ಇಡೀ ಫ್ಲೋರಿಗೆ ಫಿಸಿಯೋಥೆರಪಿ ಮಾಡಿದ್ದಿ. ಪೇಷಂಟ್ ಮಾತ್ರ ಕುರ್ಚಿಯಲ್ಲೇ ಇದ್ದಾಳೆ. ಮುಂಚೆ ಬೇಜಾರಲ್ಲಿ ಕೂತಿದ್ಳು, ಈಗ ಖುಷಿಯಲ್ಲಿ ಕೂತಿದ್ದಾಳೆ. ಇನ್ನು ಯಾಕೆ ಏಳ್ತಾಳೆ ಹೇಳು?”

ಲೋಕದ ಎಲ್ಲ ಪಿ.ಟಿ. ಟೀಚರುಗಳಿಗೂ ಗೊತ್ತಿರುವ ಸತ್ಯ ಅದು: ಜ್ವರ ಎಂದೋ ಕಾಲುನೋವು ಎಂದೋ ಚೀಟಿ ತಂದ ಹುಡುಗಿಯನ್ನು ಮರದಡಿ ಸ್ಕೋರು ಬರೆಯಲು ಕೂರಿಸಿದರೆ, ಹತ್ತನೇ ಕ್ಲಾಸು ಮುಗಿಯುವವರೆಗೂ ಅವಳು ಸ್ಕೋರೇ ಬರೆಯುತ್ತಾಳೆ. ಮರ ಸತ್ತರೂ ಅವಳು ಏಳುವುದಿಲ್ಲ. ತಿಳಿದೂ ತಿಳಿದೂ ಸ್ವಂತ ಮೊಮ್ಮಗಳನ್ನೇ ಆ ಮರದಡಿ ಕೂರಿಸಿಬಿಟ್ಟಿದ್ದರು!

ಮರುದಿನ ಸೀಟಿ ವಾಪಸು ಕೇಳಿದರು. ಶ್ರೀಯಾಳ ಕಣ್ಣು ತುಂಬಿತು. ಅದನ್ನು ನೋಡಿ ಟೀಚರ ಕಣ್ಣು ಅದಕ್ಕಿಂತ ಹೆಚ್ಚು ತುಂಬಿತು. ಸೀಟಿ ಅಲ್ಲೇ ಉಳಿಯಿತು.

ಆ ಮಧ್ಯಾಹ್ನ ಶ್ರೀಯಾ ನಿದ್ದೆ ಮಾಡುವಾಗ ಅವರು ಗ್ರಿಲ್ ಹಿಡಿದು ನಿಂತು ಕಾಕ್ ರೊಹಾನಾರ ಮುಂದೆ ದುಃಖ ತೋಡಿಕೊಂಡರು. ಅರ್ಧ ಕನ್ನಡ, ಕಾಲು ಇಂಗ್ಲಿಷು, ಉಳಿದದ್ದೆಲ್ಲ ಕೈಸನ್ನೆ. ಕಾಲು ತೋರಿಸಿದರು, ಕುರ್ಚಿ ತೋರಿಸಿದರು, ಕುಂಟುವುದು ಹೇಗೆಂದು ನಡೆದೂ ತೋರಿಸಿದರು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

“ಸಬರ್, ಆಂಟಿ, ಸಬರ್,” ಎಂದರು ರೊಹಾನಾ, ಸೊಳ್ಳೆ ಕೇಳುವಷ್ಟೇ ಮೆತ್ತಗೆ.

ನಮ್ಮ ಸಬೂರಿಯೇ ಅದು ಎಂದು ಟೀಚರಿಗೆ ಅರ್ಥವಾಯಿತು. ಆದರೆ ಸಬೂರಿಯಿಂದ ಸ್ನಾಯು ಬೆಳೆಯುತ್ತದೆಯೇ?

ಎರಡು ದಿನ ಕಳೆದು ಅಂಕಲ್ ಚೊಂಗರೇ ಒಂದು ಹೊಸ ಪಂದ್ಯದ ಮಾತು ತೆಗೆದರು: ಲಿಂಬೆ–ಚಮಚ ಓಟ. ರೊಹಾನಾ ತಮ್ಮ ಕುಂಡದ ಗಿಡದಿಂದ ಗೋಲಿಗಿಂತ ತುಸುವೇ ದೊಡ್ಡದಾದ ಪುಟ್ಟ ಲಿಂಬೆಗಳನ್ನು ಕೊಯ್ದು ತೊಳೆದಿಟ್ಟರು. ಶ್ರೀಯಾ ನಿಯಮ ಘೋಷಿಸಿದಳು. ಒಬ್ಬರು ಓಡುವಾಗ ಉಳಿದವರು ಗ್ರಿಲ್ ಒಳಗೆ. ಚಮಚ ಬಾಯಲ್ಲಿ ಬೇಡ, ಕೊರೋನಾ ಇದೆ, ಕೈಯಲ್ಲಿ. ಲಿಂಬೆ ಬಿದ್ದರೆ ಮೊದಲಿಂದ. ಲಿಫ್ಟಿನ ಹತ್ತಿರ ಅಂಟಿಸಿದ ಕೆಂಪು ಟೇಪೇ ಗೆಲುವಿನ ಗೆರೆ.

ಟೀಚರು ಓಡಿದರು. ಲಿಂಬೆ ದಾರಿಯಲ್ಲಿ ಬಿದ್ದು ಹನ್ನೊಂದು ಮಹಡಿ ಕೆಳಗೆ ಕಾರೊಂದರ ಮೇಲೆ ಸಿಡಿಲಿನಂತೆ ಬಡಿಯಿತು. ರೊಹಾನಾ ಓಡಿದರು. ಕಾಲು ಗಂಟೆಯಾದರೂ ತಲುಪಲಿಲ್ಲ, ಆದರೆ ಲಿಂಬೆ ಬೀಳಲಿಲ್ಲ. ಕೊನೆಗೆ ಅಂಕಲ್ ಚೊಂಗ್. ಅಬ್ಬಬ್ಬಾ! ಬಾಣ ಹೋದ ಹಾಗೆ ಹೋದರು. ಕೈ ಬೀಸಿದರು, ಜಿಗಿದರು, ನಡುವೆ ಒಮ್ಮೆ ಸುತ್ತು ಹೊಡೆದರು. ಲಿಂಬೆ ಚಮಚದೊಳಗೆ ಬಂಡೆಯ ಹಾಗೆ ಕೂತಿತ್ತು.

“ಚೀಟಿಂಗ್!”

ಎಲ್ಲರೂ ಬೆಚ್ಚಿಬಿದ್ದರು. ಕೂಗಿದ್ದು ಕಾಕ್ ರೊಹಾನಾ. ಅಂಥ ದನಿ ಅವರೊಳಗೆ ಎಲ್ಲಿ ಅಡಗಿತ್ತೋ, ಪಕ್ಕದ ಕಟ್ಟಡದಲ್ಲೂ ಕಿಟಕಿಗಳು ತೆರೆದವು.

“ರೆಫರಿ! ಹಿ ಚೀಟ್ ಲಾ! ಲಿಂಬೆ ಅಲ್ಲಾಡಲೇ ಇಲ್ಲ!”

“ನಾನಾ? ಚೀಟಾ?” ಅಂಕಲ್ ಗೆರೆಯ ಮೇಲೆ ನಿಂತು ಚಮಚವನ್ನು ಎದೆಗವುಚಿಕೊಂಡರು. “ನಲವತ್ತು ವರ್ಷ ಬ್ಯಾಂಕ್‌ನಲ್ಲಿ ಒಬ್ಬರೂ ನಂಗೆ ಹೀಗೆ ಹೇಳಿಲ್ಲ!”

ಶ್ರೀಯಾ ಸೀಟಿ ಊದಿದಳು. “ಅಂಕಲ್, ಬ್ರಿಂಗ್ ದಿ ಸ್ಪೂನ್ ಹಿಯರ್!”

“ಕ್ಯಾನಾಟ್. ಗೆರೆ ಬಿಟ್ಟು ಬಂದ್ರೆ ನನ್ನ ಟೈಮ್ ಹೋಗ್ತದೆ. ರೆಫರಿನೇ ಬಂದು ನೋಡ್ಬೇಕು. ದಟ್ ಈಸ್ ದಿ ರೂಲ್.”

“ನಾನು ನೋಡ್ತೇನೆ,” ಎಂದು ಟೀಚರ್ ಗ್ರಿಲ್ ತಳ್ಳಿದರು.

“ನೋ, ನೋ! ಕೋಚ್ ಕ್ಯಾನಾಟ್!” ಅಂಕಲ್ ಚೊಂಗ್ ಮತ್ತು ರೊಹಾನಾ ಒಟ್ಟಿಗೆ ಕೂಗಿದರು. “ರೆಫರಿ ಓನ್ಲಿ!”

ಶ್ರೀಯಾ ಕುರ್ಚಿಯನ್ನು ಮುಂದೆ ತಳ್ಳಿದಳು. ಗಾಲಿ ಹೊಸ್ತಿಲಿಗೆ ಡಿಕ್ಕಿ ಹೊಡೆದು ನಿಂತಿತು. ಮತ್ತೆ ತಳ್ಳಿದಳು. ಮತ್ತೆ ನಿಂತಿತು. ಅತ್ತ ಅಂಕಲ್ ಬೆನ್ನು ತಿರುಗಿಸಿ ಚಮಚದಲ್ಲಿ ಏನೋ ಮಾಡುತ್ತಿದ್ದರು.

“ಹಿ ಈಸ್ ಹೈಡಿಂಗ್ ಇಟ್!” ರೊಹಾನಾ ಚೀರಿದರು.

ಶ್ರೀಯಾಳ ಮುಖ ಕೆಂಪಾಯಿತು. ಅನ್ಯಾಯ ಕಂಡ ರೆಫರಿಯ ಮುಖ ಅದು. “ಅಂಕಲ್! ಡೋಂಟ್ ಟಚ್!” ಎಂದವಳೇ ಗ್ರಿಲ್ಲಿನ ಕಂಬಿ ಹಿಡಿದು ಎದ್ದಳು. ಒಳ್ಳೆಯ ಕಾಲು ಹೊಸ್ತಿಲ ಆಚೆ ಹೋಯಿತು. ಮುರಿದು ಕೂಡಿದ ಕಾಲು ಅದರ ಹಿಂದೆ ಬಂದು ನೆಲ ಮುಟ್ಟಿತು. ನಿಂತಿತು.

ಗುಲಾಬಿ ಟೀಚರ ಬಾಯಿಗೆ “ಶಾಬಾಸ್!” ಬಂತು. ಬಂದ ಮಾತನ್ನು ಅವರು ಹುಟ್ಟಿದಂದಿನಿಂದ ಒಮ್ಮೆಯೂ ನುಂಗಿದವರಲ್ಲ. ಅಂದು ನುಂಗಿದರು. ಬೆಟ್ಟವನ್ನೇ ನುಂಗಿದ ಹಾಗಾಯಿತು. ಎರಡೂ ಕೈಗಳಲ್ಲಿ ಗ್ರಿಲ್ ಹಿಡಿದು, ಉಸಿರನ್ನೂ ಬಿಡದೆ ನಿಂತರು. ಉಸಿರು ತಾಗಿದರೂ ಮಗುವಿಗೆ ತನ್ನ ಕಾಲಿನ ನೆನಪಾಗಿಬಿಟ್ಟರೆ?

ಶ್ರೀಯಾ ಗೋಡೆಗೆ ಬೆರಳು ತಾಗಿಸಿಕೊಂಡು ನಡೆದಳು. ಕಾಲು ಎಳೆಯುತ್ತಿತ್ತು. ಗೋಡೆ ಮುಗಿದು ಲಿಫ್ಟಿನ ಮುಂದಿನ ಬಯಲು ಬಂತು. ಬೆರಳು ಬಿಟ್ಟಳು. ಅದೇ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದು ಡ್ಯೂಟಿ ಮುಗಿಸಿದ ಸುಮತಿ ಹೊರಗೆ ಬಂದಳು. ಮಗಳನ್ನು ಕಂಡು ಅಲ್ಲೇ ಕಲ್ಲಾದಳು.

“ಮಮ್ಮಿ, ಟ್ರ್ಯಾಕ್ ಮೇಲೆ ನಿಲ್ಬೇಡ!”

ಡಾಕ್ಟರ್ ಸುಮತಿ ಶಾಲೆಯ ಹುಡುಗಿಯಂತೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಮತ್ತೆ ಲಿಫ್ಟಿನೊಳಗೇ ಹೋಗಿ ನಿಂತಳು. ಬಾಗಿಲು ಮುಚ್ಚಿತು. ಲಿಫ್ಟು ಕೆಳಗಿಳಿಯಿತು.

ರೆಫರಿ ಅಂಕಲ್ ಕೈಯಿಂದ ಚಮಚ ಕಿತ್ತುಕೊಂಡು ತಲೆಕೆಳಗು ಮಾಡಿದಳು. ಲಿಂಬೆ ಬೀಳಲಿಲ್ಲ. ಅಲ್ಲಾಡಿಸಿದಳು. ಬೀಳಲಿಲ್ಲ. ಮೂಸಿ ನೋಡಿದಳು.

“ಕಾಯಾ! ಹಿ ಪುಟ್ ಕಾಯಾ!”

ಬೆಳಗ್ಗೆ ಬ್ರೆಡ್ಡಿಗೆ ಹಚ್ಚಿಕೊಳ್ಳುವ ತೆಂಗಿನಹಾಲಿನ ಜಾಮು ಅದು. ಗುಂಡಿಗೆ ವಾರಸುದಾರರನ್ನು ಹುಡುಕುವ ಮಹಾನುಭಾವರು ಚಮಚದ ತುಂಬ ಜಾಮು ಬಳಿದು ಲಿಂಬೆ ಅಂಟಿಸಿದ್ದರು!

“ಡಿಸ್ಕ್ವಾಲಿಫೈಡ್!” ಶ್ರೀಯಾ ಕೈಯೆತ್ತಿ ತೀರ್ಪು ಕೊಟ್ಟಳು. ಆಮೇಲೆ ಕೆಳಗೆ ನೋಡಿಕೊಂಡಳು. ಚಮಚ ಕೈಯಿಂದ ಜಾರಿತು. “ಅಜ್ಜಿ... ಕಾಲು ನಡುಗ್ತಾ ಇದೆ.”

“ನಡುಗಲಿ ಮಗಾ,” ಎಂದರು ಟೀಚರ್, ಹತ್ತಿರ ಓಡುವ ಆಸೆಯನ್ನು ಹಿಡಿದು ಕಟ್ಟಿ. “ಅದು ಹಸಿವಿಗೆ. ಬನ್ಸ್ ಕರಿದಿಟ್ಟಿದ್ದೇನೆ. ಬಂದು ತಿನ್ನು.”

ಅವಳು ಬಂದು ತಿಂದಳು. ನಡೆದೇ ಬಂದಳು.

ಸಂಜೆ ಟೀಚರ್ ಬಿಸಿ ಬನ್ಸಿನ ಎರಡು ತಟ್ಟೆಗಳನ್ನು ನೆರೆಯವರ ಬಾಗಿಲಲ್ಲಿಟ್ಟು ದೂರ ನಿಂತರು. ರೊಹಾನಾ ಗುಟ್ಟು ಬಿಟ್ಟುಕೊಟ್ಟರು. ಅವರೂ ಅಂಕಲ್ ಚೊಂಗರೂ ಎರಡು ದಿನ ಫೋನಿನಲ್ಲಿ ಜಗಳವನ್ನು ಅಭ್ಯಾಸ ಮಾಡಿದ್ದರಂತೆ. ಮೊದಲು ಜೇನುತುಪ್ಪ ಬಳಿದು ನೋಡಿದರಂತೆ, ಲಿಂಬೆ ನಿಲ್ಲಲಿಲ್ಲ. ಅಷ್ಟು ಜೋರಾಗಿ ಕೂಗಿದ್ದಕ್ಕೆ ಗಂಟಲು ನೋವೆಂದು ಬಿಸಿನೀರು ಕುಡಿಯುತ್ತ, ಮತ್ತದೇ ಸೊಳ್ಳೆಯ ದನಿಯಲ್ಲಿ, “ಸೇಮ್ ಫ್ಲೋರ್, ಆಂಟಿ. ಸೇಮ್ ಫ್ಯಾಮಿಲಿ,” ಎಂದರು. ಎಣ್ಣೆ ಬಾಟಲಿ ಹಿಡಿದು ಬಿದ್ದ ತಮ್ಮ ನಾಟಕ ನೆನಪಾಗಿ ಟೀಚರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೈ ಮುಗಿದರು.

ಅಳಿಯ ಫೋನು ಮಾಡಿದಾಗ, “ಅತ್ತೆ, ಹೇಗೆ ನಡೆಸಿದ್ರಿ? ಎಂತ ಟೆಕ್ನಿಕ್ ಅದು?” ಎಂದು ಕೇಳಿದ.

“ನಾನು ಎಂತದೂ ಮಾಡ್ಲಿಲ್ಲ ಸುಮಂತ. ಎಲ್ಲ ಪಕ್ಕದ ಮನೆಯವರು.”

ಆ ಕಡೆ ಸುಮಂತ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. “ಹಲೋ? ಅತ್ತೆ? ನೆಟ್‌ವರ್ಕ್ ಸರಿ ಇಲ್ಲ, ಎಂತ ಹೇಳಿದ್ರಿ?”

ಇಷ್ಟೆಲ್ಲ ಆಗಿ, ನಿಜವಾಗಿ ಕಷ್ಟಕ್ಕೆ ಸಿಕ್ಕಿದ್ದು ಅಂಕಲ್ ಚೊಂಗ್. ನಾಟಕವೇ ಆದರೂ ಮೋಸಗಾರನೆಂಬ ಹೆಸರು ಅವರಿಗೆ ಜೀರ್ಣವಾಗಲಿಲ್ಲ. ಮರುದಿನ ಸಂಜೆ ತೊಳೆದು ಉಜ್ಜಿದ ಚಮಚ ಹಿಡಿದು ಬಂದು ರೆಫರಿಯ ಮುಂದೆ ನಿಂತರು.

“ಒನ್ಸ್ ಮೋರ್. ಕ್ಲೀನ್ ಸ್ಪೂನ್. ಪ್ಲೀಸ್ ಲಾ.”

ಶ್ರೀಯಾ ಕುರ್ಚಿಯಲ್ಲಿ ಕೂತೇ ಯೋಚಿಸಿದಳು. “ಓಕೆ. ಆದ್ರೆ ನಾನು ಪೂರ್ತಿ ಹಿಂದೆನೇ ಬರ್ತೇನೆ. ಐ ಡೋಂಟ್ ಟ್ರಸ್ಟ್ ಯು.”

ಎದ್ದಳು. ಹೊಸ್ತಿಲು ದಾಟಿದಳು. ಅಂಕಲ್ ಮುಂದೆ, ಎರಡು ಮಾರು ಬಿಟ್ಟು ರೆಫರಿ ಹಿಂದೆ. ಹಿಂದಿನ ದಿನ ಬಾಣವಾಗಿದ್ದ ಮನುಷ್ಯ ಇಂದು ಆಮೆಗೂ ನಾಚಿಕೆ ಹುಟ್ಟಿಸುವಂತೆ, ಹಿಂದಿನ ಪುಟ್ಟ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು, ಅದು ನೆಲ ಮುಟ್ಟಿದ ಮೇಲೆ ತನ್ನದೊಂದನ್ನು ಎತ್ತಿಡುತ್ತ ಸಾಗಿದರು. ರೊಹಾನಾ ಗ್ರಿಲ್ಲಿನ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಜೀವಮಾನವಿಡೀ ಗೆರೆಯ ಪಕ್ಕದಲ್ಲಿ ನಿಂತು “ಬೇಗ! ಬೇಗ!” ಎಂದು ಕೂಗಿದ ಗುಲಾಬಿ ಟೀಚರ್ ಆ ಸಂಜೆ ಬಾಗಿಲಿಗೊರಗಿ, ಯಾರಿಗೂ ಕೇಳದಷ್ಟು ಮೆತ್ತಗೆ, ಕಾರ್ಕಳದ ಯಾವ ಮಗುವೂ ಅವರ ಬಾಯಿಂದ ಕೇಳಿರದ ಮಾತನ್ನು ಹೇಳುತ್ತಿದ್ದರು.

“ನಿಧಾನ ಅಂಕಲ್, ಇನ್ನೂ ನಿಧಾನ.”